ಸೊಲಬಕ್ಕನವರ ಸಿಮೆಂಟು

ಟಿ.ಬಿ. ಸೊಲಬಕ್ಕನವರ ತೀರಿಕೊಂಡದ್ದು 2020ರ ನವೆಂಬರಿನಲ್ಲಿ. ಅವರನ್ನು ಚಿತ್ರಕಲಾವಿದರೆಂದು, ದೊಡ್ಡಾಟಕ್ಕೆ ಮರುಜೀವ ಕೊಟ್ಟವರೆಂದು, ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದವರೆಂದು ನೆನೆಯುವವರು ಬಹಳ ಮಂದಿ. ಎಲ್ಲ ಸರಿಯೇ. ಆದರೆ ವಾರವಾರವೂ ಇಟ್ಟಿಗೆ, ಗಾರೆ, ತೊಲೆ ಎಂದು ಬರೆದುಕೊಂಡಿರುವ ನನಗೆ ಅವರು ಮೊದಲು ನೆನಪಾಗುವುದು ಕಟ್ಟಡದ ಮನುಷ್ಯನಾಗಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಗೆ ಹತ್ತಿಕೊಂಡಂತೆ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ನೋಡಿದವರಿಗೆ ನಾನು ಹೇಳುವುದು ತಿಳಿದೀತು. ಸಾವಿರಕ್ಕೂ ಮಿಕ್ಕ ಮಂದಿ, ದನಕರು ಅಲ್ಲಿ ಸಿಮೆಂಟಿನಲ್ಲಿ ನಿಂತಿವೆ, ಕೂತಿವೆ.

ಚಿಕ್ಕೇರೂರಿನ ನಮ್ಮ ಪರಿಚಯದ ಗೌಂಡಿಯೊಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಉಳಿದವರೆಲ್ಲ ಗೊಂಬೆಗಳ ಮುಖ ನೋಡಿ ನಗುತ್ತ, ಫೋಟೊ ತೆಗೆಯುತ್ತ ಸಾಗುತ್ತಿದ್ದರೆ ಈ ಹಿರಿಯರು ಕೂತುಬಿಟ್ಟು ಹಿಮ್ಮಡಿ ನೋಡತೊಡಗಿದರು. “ಮುಖ ಯಾರಾರ ಮಾಡ್ತಾರ್ರೀ. ಇಷ್ಟು ಭಾರಾನ ಈ ಸಣ್ಣ ಕಾಲಮ್ಯಾಲ ನಿಂದ್ರಸ್ಯಾರಲ್ಲ, ಅದು ಕೆಲ್ಸ” ಅಂದರು. ಕಲಾವಿಮರ್ಶೆಯ ಪುಸ್ತಕಗಳಲ್ಲಿ ನನಗೆ ಸಿಗದ ಮಾತು ಇದು.

ನಮ್ಮ ಸೀಮೆಗೆ ಶಿಲ್ಪ ಹೊಸತಲ್ಲ. ಹಾನಗಲ್ಲಿನ ತಾರಕೇಶ್ವರನ ಗುಡಿಯ ಛತ್ತಿನಲ್ಲಿ ಅರಳಿರುವ ಕಮಲವನ್ನು ಕತ್ತೆತ್ತಿ ನೋಡಿದವರು ಸಾಮಾನ್ಯ ಶಿಲ್ಪವನ್ನು ಸುಲಭಕ್ಕೆ ಮೆಚ್ಚುವುದಿಲ್ಲ. ಚಾಲುಕ್ಯರ ಕಾಲದ ಆ ರೂವಾರಿಗಳು ಕಲ್ಲನ್ನು ಕಳೆಯುತ್ತ ಹೋದರು. ಸಿಮೆಂಟಿನವನು ಕೂಡಿಸುತ್ತ ಹೋಗಬೇಕು. ಮೊದಲು ಕಬ್ಬಿಣದ ಸರಳು ಬಗ್ಗಿಸಿ ಎಲುಬಿನ ಗೂಡು ಕಟ್ಟಬೇಕು. ಬೆನ್ನು ಬಾಗಿದೆಯೋ, ತೂಕ ಎಡಗಾಲ ಮೇಲಿದೆಯೋ ಎಲ್ಲವೂ ಇಲ್ಲೇ ತೀರ್ಮಾನ. ಮೇಲೆ ತಂತಿಯ ಜಾಳಿಗೆ ಸುತ್ತಿ, ಉಸುಕು ಸಿಮೆಂಟು ಕಲಸಿ ಒರಟು ಗಿಲಾವು ಬಡಿಯಬೇಕು. ಅದು ಬಿರುಸಾಗುವ ಮುನ್ನ ಗೀರು ಹಾಕಿಡಬೇಕು, ಇಲ್ಲವಾದರೆ ಎರಡನೇ ಪದರು ಹಿಡಿಯದು. ಕೊನೆಯ ತೆಳು ಪದರಿನಲ್ಲಿ ಹುಬ್ಬು, ತುಟಿ, ಸೀರೆಯ ನಿರಿಗೆ. ನೀರು ಬಿದ್ದ ಸಿಮೆಂಟು ಅರ್ಧ ಮುಕ್ಕಾಲು ತಾಸಿನಲ್ಲೇ ಬಿಗಿಯತೊಡಗುತ್ತದೆ. ಬೇಸಿಗೆಯಲ್ಲಿ ಅಷ್ಟೂ ಸಿಗುವುದಿಲ್ಲ. ಹೀಗಾಗಿ ಒಂದು ಮುಖಕ್ಕೆ ಎಷ್ಟು ಬೇಕೋ ಅಷ್ಟೇ ಕಲಸಿ, ಕರಣಿಯ ತುದಿಯಲ್ಲಿ ಬೇಗಬೇಗ ಮುಗಿಸಬೇಕು. ಮುಗಿದ ಮೇಲೆ ವಾರ ಹತ್ತು ದಿನ ಒದ್ದೆ ಗೋಣಿ ಹೊದಿಸಿ ನೀರು ಹೊಡೆಯುವುದು. ಇದರಲ್ಲಿ ಕಳ್ಳಾಟ ನಡೆಯಿತೋ, ಎರಡು ಮಳೆಗಾಲದಲ್ಲಿ ಕೂದಲೆಳೆ ಬಿರುಕು, ಅದರೊಳಗೆ ನೀರು, ಸರಳಿಗೆ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಗಿಲಾವನ್ನು ಒಳಗಿನಿಂದ ಒಡೆಯುತ್ತದೆ. ಊರೂರ ವೃತ್ತಗಳಲ್ಲಿ ಬೆರಳು ಉದುರಿ ಸರಳು ಚಾಚಿಕೊಂಡ ಪ್ರತಿಮೆಗಳನ್ನು ಕಂಡಿದ್ದೀರಲ್ಲ, ಅದರ ಕಥೆ ಇಷ್ಟೇ.

ರಾಕ್ ಗಾರ್ಡನ್ ಅಂದಕೂಡಲೇ ಚಂಡೀಗಡದ ನೇಕ್ ಚಂದ್ ಹೆಸರು ಬರುತ್ತದೆ. ಆತನೂ ಕಟ್ಟಡದ ಕಡೆಯವನೇ, ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರು. ಸರ್ಕಾರಿ ಕಾಡಿನಲ್ಲಿ ವರ್ಷಗಟ್ಟಲೆ ಗುಟ್ಟಾಗಿ ಒಡೆದ ಬಳೆ, ಪಿಂಗಾಣಿ ಚೂರು ಜೋಡಿಸಿ ಕಟ್ಟಿದ ತೋಟ 1976ರಲ್ಲಿ ಜನರಿಗೆ ತೆರೆಯಿತು. ಅದು ಕನಸಿನ ರಾಜ್ಯ. ಸೊಲಬಕ್ಕನವರದು ನಾವೇ ಬಿಟ್ಟುಬಂದ ಊರು: ಕುಂಬಾರ, ಕಮ್ಮಾರ, ಬಡಿಗ, ಕ್ಷೌರಿಕ, ದನದ ಕೊಟ್ಟಿಗೆ, ಗೌಡರ ಮನೆ. ಕಸುಬುದಾರನ ಕೈ ಹತಾರವನ್ನು ಹೇಗೆ ಹಿಡಿಯುತ್ತದೆಂಬುದು ದೊಡ್ಡಾಟದಲ್ಲಿ ಪಾತ್ರಧಾರಿಗಳನ್ನು ನಿಲ್ಲಿಸಿದವರಿಗೆ ಗೊತ್ತಿರಲೇಬೇಕು. ಅಲ್ಲಿನ ಒಂದೊಂದು ಗುಂಪೂ ಆಟದ ನಡುವೆ ತಡೆದು ನಿಲ್ಲಿಸಿದ ಹಾಗಿದೆ.

ಬಣ್ಣದ ಬಗ್ಗೆ ನನ್ನದೊಂದು ತಕರಾರಿದೆ. ಮಟಮಟ ಮಧ್ಯಾಹ್ನ ಆ ಹೊಳಪು ಕಣ್ಣಿಗೆ ಹೊಡೆಯುತ್ತದೆ, ಕರಣಿಯ ಗುರುತೆಲ್ಲ ಬಣ್ಣದಡಿ ಮುಚ್ಚಿಹೋಗುತ್ತದೆ. ಆದರೆ ಬಣ್ಣವೇ ಮಳೆನೀರಿಗೆ ಅಡ್ಡ ನಿಲ್ಲುವ ಕೊಡೆಯೂ ಹೌದು ಎಂದು ಗೌಂಡಿ ನನ್ನ ಬಾಯಿ ಮುಚ್ಚಿಸಿದರು.

ಮನೆಮಂದಿಯನ್ನೂ ಕೆಲಸಕ್ಕೆ ಹಚ್ಚಿದ ಯಜಮಾನ ಸೊಲಬಕ್ಕನವರ. ಕಲಾವಿದ ಕಣ್ಮುಚ್ಚಿದ ಮೇಲೆ ಕೃತಿಗಳು ಗೋದಾಮು ಸೇರುವುದೇ ಹೆಚ್ಚು. ಇಲ್ಲಿ ಮಗಳು, ಅಳಿಯ ತೋಟವನ್ನು ನಡೆಸಿಕೊಂಡು ಬಂದರು. ಸಿಮೆಂಟಿನ ಊರಿಗೆ ವರ್ಷ ವರ್ಷ ಬಿರುಕು ತುಂಬುವವರು, ಬಣ್ಣ ಬಳಿಯುವವರು ಬೇಕೇಬೇಕು.

ಪಕ್ಕದಲ್ಲೇ, ಅದೇ ಗೊಟಗೋಡಿಯಲ್ಲಿ, 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯವಿದೆ. ಹಾಡು, ಕಥೆ, ಆಟಗಳ ಜೊತೆಗೆ ಈ ತೋಟದ ಕೆಲಸದಲ್ಲಿ ಕೈಜೋಡಿಸಿದವರನ್ನೂ ಕೂರಿಸಿ ಮಾತಾಡಿಸಬೇಕು: ಯಾವ ಗೊಂಬೆಗೆ ಎಷ್ಟು ದಪ್ಪದ ಸರಳು, ಉಸುಕು ಎಲ್ಲಿಯದು, ಒಂದಕ್ಕೆ ಎಷ್ಟು ಪಾಲು ಕಲಸಿದರು, ಎತ್ತಿನ ಹೊಟ್ಟೆಯ ಒಳಗೇನು ತುಂಬಿದರು. ಚಿಕ್ಕೇರೂರಿನ ಗೌಂಡಿ ಈ ಕೊನೆಯ ಪ್ರಶ್ನೆಯನ್ನು ಈಗಲೂ ಫೋನು ಮಾಡಿ ಕೇಳುತ್ತಾರೆ.