ಒರೆಸಿಹೋದ ಹಿನ್ನೆಲೆ

ಸಕಲೇಶಪುರ, ಆಲೂರು ಸೀಮೆಯ ಹವ್ಯಾಸಿ ಛಾಯಾಗ್ರಾಹಕರಿಗೆ ಈಗ ದೊಡ್ಡ ಹೆಸರು. ತೋಟದ ಮಾಲೀಕರು, ಮೇಷ್ಟ್ರುಗಳು, ಬ್ಯಾಂಕಿನವರು, ವೈದ್ಯರು ವಾರಕ್ಕೊಂದು ಚಿತ್ರ ತಂದು ಮುಂದಿಡುತ್ತಾರೆ. ಉಳಿದವರು ಅದರ ಫೋಕಸ್ಸು, ಬೆಳಕು, ಕ್ರಾಪು ಹಿಡಿದು ಚರ್ಚೆ ಮಾಡುತ್ತಾರೆ. ವರ್ಷಗಟ್ಟಲೆ ಬಿಡದೆ ನಡೆದ ಈ ಶಿಸ್ತಿನಿಂದ ಕೈ ಪಳಗಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ಹಕ್ಕಿಯ ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಇರುತ್ತದೆ, ರೆಕ್ಕೆಯ ಎಳೆ ಎಳೆ ಎಣಿಸಬಹುದು. ನೋಡಿದವರು ಇದು ಅಂತರರಾಷ್ಟ್ರೀಯ ಮಟ್ಟದ ಕೆಲಸ ಎನ್ನುತ್ತಾರೆ. ನನ್ನ ತಕರಾರು ಆ ಹೊಗಳಿಕೆಯ ಮೇಲೇ ಇದೆ. ಈ ಚಿತ್ರಗಳನ್ನು ಥಾಯ್ಲೆಂಡಿನಲ್ಲಿ ತೆಗೆದದ್ದು ಎಂದರೂ ನಂಬಬಹುದು, ಕೋಸ್ಟರಿಕಾದಲ್ಲಿ ತೆಗೆದದ್ದು ಎಂದರೂ ನಂಬಬಹುದು. ಆಲೂರಿನ ಗದ್ದೆಯಾಗಲಿ ಹೆತ್ತೂರು, ಯಸಳೂರಿನ ತೋಟವಾಗಲಿ ಅವುಗಳಲ್ಲಿ ಎಲ್ಲೂ ಸಿಗುವುದಿಲ್ಲ.

ಬಿಸಿಲೆಯ ಮಂಜು, ಸಾಲು ಸಾಲು ಗುಡ್ಡ, ಡ್ರೋನ್ ಹಾರಿಸಿ ತೆಗೆದ ಮಂಜರಾಬಾದಿನ ನಕ್ಷತ್ರ: ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1792ರ ಕೋಟೆಯ ಎಂಟು ಮೂಲೆಗಳು ಮೇಲಿನಿಂದ ಚೆಂದ ಕಾಣುತ್ತವೆ. ಕಟ್ಟಿಸಿದವನ ಲೆಕ್ಕಾಚಾರವೇ ಹಾಗಿತ್ತು, ಅದರಲ್ಲಿ ಛಾಯಾಗ್ರಾಹಕನ ಪಾಲು ಕಡಿಮೆ. ನಾನು ನಿಂತು ನೋಡಬೇಕೆಂದಿರುವುದು ಒಂದೇ ಒಂದು ಅಭ್ಯಾಸವನ್ನು. ವಾರದ ಚರ್ಚೆಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು 'ಬ್ಯಾಕ್‌ಗ್ರೌಂಡ್ ಕ್ಲೀನ್ ಇರಲಿ' ಎನ್ನುವುದು. ಒಳ್ಳೆಯ ಚಿತ್ರಕ್ಕೆ 'ಬ್ಯಾಕ್‌ಗ್ರೌಂಡ್ ಸೂಪರ್' ಎನ್ನುತ್ತಾರೆ. ಹಾಗೆಂದರೆ ಹಿಂದೆ ಏನೂ ಇಲ್ಲ ಎಂದು ಅರ್ಥ.

ಒಂದು ಉದಾಹರಣೆ ತೆಗೆದುಕೊಂಡು ಲೆಕ್ಕ ಹಾಕಿಯೇ ನೋಡೋಣ. ಮುಂಗಾರು ಹಿಡಿದಿದೆ, ಆಲೂರು ಕಡೆಯ ಒಂದು ಗದ್ದೆ ಬಯಲು. ಟಿಲ್ಲರ್ ಕೆಸರು ಕಲಕುತ್ತಿದೆ. ಬೇಲಿಗೂಟದ ಮೇಲೆ ಒಂದು ಕಾಜಾಣ ಕೂತಿದೆ. ಕ್ಯಾಮೆರಾದಿಂದ ಹಕ್ಕಿಗೆ 10 ಮೀಟರ್, ಹಕ್ಕಿಯಿಂದ ಟಿಲ್ಲರ್ ಹಿಡಿದವನಿಗೆ ಇನ್ನೂ 20 ಮೀಟರ್. ಈಗ ಹವ್ಯಾಸಿಗಳ ಹೆಗಲಲ್ಲಿ ಸಾಮಾನ್ಯವಾಗಿ ಕಾಣುವ 600 ಎಂಎಂ ಲೆನ್ಸನ್ನು ಎಫ್ 6.3ಕ್ಕೆ ತೆರೆದು ಕ್ಲಿಕ್ಕಿಸಿದರೆ, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ನಿಲ್ಲುವ ಆಳ ಸುಮಾರು 10 ಸೆಂಟಿಮೀಟರ್. ಕೊಕ್ಕಿನಿಂದ ಹೆಗಲವರೆಗೆ ಮಾತ್ರ. ಹಿಂದಿನ 20 ಮೀಟರ್ ದೂರದಲ್ಲಿರುವ ಪ್ರತಿಯೊಂದು ಬಿಂದುವೂ ಸೆನ್ಸರಿನ ಮೇಲೆ ಸುಮಾರು 4 ಮಿಲಿಮೀಟರ್ ಅಗಲದ ಬಿಲ್ಲೆಯಾಗಿ ಹರಡುತ್ತದೆ. ಚೌಕಟ್ಟಿನ ಅಗಲ 36 ಮಿಲಿಮೀಟರ್, ಅಂದರೆ ಒಂದು ಬಿಂದು ಚೌಕಟ್ಟಿನ ಒಂಬತ್ತನೇ ಒಂದು ಭಾಗದಷ್ಟು ಹಿಗ್ಗಿತು. ಅದೇ ದೂರದಲ್ಲಿ ನಿಂತ ಮನುಷ್ಯನ ಮುಖ ಸೆನ್ಸರಿನ ಮೇಲೆ ಬೀಳುವುದು ಹತ್ತಿರ ಹತ್ತಿರ 5 ಮಿಲಿಮೀಟರ್. ಮುಖ ಎಷ್ಟು ದೊಡ್ಡದೋ ಮಸುಕೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಕಣ್ಣು, ಮೂಗು, ಬಾಯಿ ಒಂದರೊಳಗೊಂದು ಕರಗಿಹೋಗುತ್ತವೆ. ಟಿಲ್ಲರಿನವನು ಹೆಗಲಿಗೆ ಹಾಕಿದ ಕೆಂಪು ಟವೆಲ್ಲು ಮಾತ್ರ ಒಂದು ಬಣ್ಣದ ಕಲೆಯಾಗಿ ಉಳಿಯುತ್ತದೆ. ವಾರದ ಚರ್ಚೆಯಲ್ಲಿ ಅದಕ್ಕೂ ಸಲಹೆ ಬರುತ್ತದೆ: ಎಡಗಡೆ ಒಂದು ಕೆಂಪು ಪ್ಯಾಚ್ ಕಣ್ಣಿಗೆ ಹೊಡೆಯುತ್ತಿದೆ, ಕ್ಲೋನ್ ಮಾಡಿ ತೆಗೆಯಿರಿ.

ಆದರೆ ಆ ಕಾಜಾಣ ಆ ಗೂಟಕ್ಕೆ ಬಂದು ಕೂತದ್ದೇ ಅವನಿಂದಾಗಿ. ಟಿಲ್ಲರ್ ಎಬ್ಬಿಸಿದ ಹುಳುಹುಪ್ಪಟೆಗಾಗಿ ಕಾಜಾಣ ಬರುತ್ತದೆ, ಬೆಳ್ಳಕ್ಕಿ ಬರುತ್ತದೆ. ಮೊದಲು ಎತ್ತಿನ ಹಿಂದೆ ಬರುತ್ತಿದ್ದವು, ಈಗ ಯಂತ್ರದ ಹಿಂದೆ ಬರುತ್ತವೆ. ಹಕ್ಕಿ ಅಲ್ಲಿ ಏಕಿದೆ ಎನ್ನುವುದಕ್ಕೆ ಕಾರಣವಾದವನನ್ನೇ ಕರಗಿಸಿ, ಉಳಿದ ಹಸಿರನ್ನು ಮೆಚ್ಚುತ್ತಿದ್ದೇವೆ. ತೋಟದ ಹಕ್ಕಿಗಳ ಕತೆಯೂ ಇದೇ. ಕಾಫಿಗೆ ನೆರಳು ಬೇಕೆಂದು ಉಳಿಸಿಕೊಂಡ ಅತ್ತಿ, ಹಲಸು, ಹಾಲುವಾಣದ ಮರಗಳಿರುವುದರಿಂದಲೇ ಅಲ್ಲಿ ಕುಟುರ ಇದೆ, ಮಂಗಟ್ಟೆ ಇದೆ. ಇಲ್ಲಿನ ಹಕ್ಕಿಯನ್ನು ದಟ್ಟಕಾಡಿನ ಹಕ್ಕಿಯಂತೆ ತೋರಿಸುವ ಚಿತ್ರ ಆ ಹಕ್ಕಿಯ ಬಗ್ಗೆಯೇ ತಪ್ಪು ಮಾಹಿತಿ ಕೊಡುತ್ತದೆ.

ಬೇರೆ ದಾರಿಯೇ ಇಲ್ಲವೇ? ಇದೆ, ಅದೂ ತಂತ್ರದ ಒಳಗೇ ಇದೆ. ಅದೇ ಜಾಗದಲ್ಲಿ ನಿಂತು 200 ಎಂಎಂ ಲೆನ್ಸಿನಿಂದ, ಎಫ್ 11ರಲ್ಲಿ ತೆಗೆಯಿರಿ. ಸ್ಪಷ್ಟತೆಯ ಆಳ ಒಂದೂವರೆ ಮೀಟರ್ ದಾಟುತ್ತದೆ. ಹಿಂದಿನವನ ಮುಖ ಸುಮಾರು ಒಂದೂವರೆ ಮಿಲಿಮೀಟರ್, ಅದರ ಮೇಲಿನ ಮಸುಕು ಕಾಲು ಮಿಲಿಮೀಟರ್. ಮುಖದ ಗುರುತು ಸಿಗುತ್ತದೆ, ಟಿಲ್ಲರ್ ಟಿಲ್ಲರಾಗಿಯೇ ಕಾಣುತ್ತದೆ, ಬದು ಬದುವಾಗಿಯೇ ಉಳಿಯುತ್ತದೆ. ಬೆಳಕು ಸುಮಾರು ಮೂರು ಪಟ್ಟು ಹೆಚ್ಚು ಬೇಕು, ಆದ್ದರಿಂದ ಐಎಸ್‌ಒ 800 ಇದ್ದದ್ದು 2500ರ ಹತ್ತಿರ ಹೋಗುತ್ತದೆ. ಈಗಿನ ಕ್ಯಾಮೆರಾಗಳಿಗೆ ಅದು ಭಾರವಲ್ಲ. ನಿಜವಾದ ಅಡ್ಡಿ ಬೇರೆ: ಚೌಕಟ್ಟಿನ ಅರ್ಧ ತುಂಬುತ್ತಿದ್ದ ಹಕ್ಕಿ ಈಗ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಕ್ಕಿ ಸಣ್ಣದಾಯಿತು ಎನ್ನುವ ಒಂದೇ ಆಕ್ಷೇಪಕ್ಕೆ ಹೆದರಿ ಒಂದು ಇಡೀ ಸೀಮೆಯ ದುಡಿಮೆಯನ್ನು ಚಿತ್ರದಿಂದ ಹೊರಗಿಟ್ಟಿದ್ದಾರೆ.

ಇದಕ್ಕೆ ಸಮರ್ಥನೆಯಾಗಿ ಸಲೂನ್ ಎಂಬ ಛಾಯಾಚಿತ್ರ ಸ್ಪರ್ಧೆಗಳ ನಿಯಮವನ್ನು ಮುಂದೆ ಮಾಡುವವರಿದ್ದಾರೆ. ನೇಚರ್ ವಿಭಾಗದಲ್ಲಿ ಮನುಷ್ಯನ ಕುರುಹು ಇರಕೂಡದು, ಇದ್ದರೆ ಚಿತ್ರ ತಿರಸ್ಕೃತವಾಗುತ್ತದೆ ಎನ್ನುತ್ತಾರೆ. ನಿಯಮವನ್ನು ಪೂರ್ತಿ ಓದಿದವರು ಹೀಗೆ ಹೇಳಲಾರರು. ಅಂತರರಾಷ್ಟ್ರೀಯ ಒಕ್ಕೂಟ ಎಫ್.ಐ.ಎ.ಪಿ., ಅಮೆರಿಕದ ಪಿ.ಎಸ್.ಎ., ಬ್ರಿಟನ್ನಿನ ಆರ್.ಪಿ.ಎಸ್. ಮೂರೂ 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯಲ್ಲಿ ಒಂದು ಸ್ಪಷ್ಟ ವಿನಾಯಿತಿ ಇದೆ. ಮನುಷ್ಯ ಮಾರ್ಪಡಿಸಿದ ಪರಿಸರಕ್ಕೆ ಹೊಂದಿಕೊಂಡ ಜೀವಿಗಳ ಕತೆಯಲ್ಲಿ ಮನುಷ್ಯನ ಕುರುಹು ಅವಿಭಾಜ್ಯ ಅಂಗವಾಗಿದ್ದರೆ ಅದಕ್ಕೆ ಅಡ್ಡಿಯಿಲ್ಲ. ಕಣಜದ ಗೂಬೆ, ಕೊಕ್ಕರೆಗಳನ್ನು ಅಲ್ಲಿ ಉದಾಹರಣೆಯಾಗಿಯೇ ಹೆಸರಿಸಿದ್ದಾರೆ. ಟಿಲ್ಲರಿನ ಹಿಂದಿನ ಬೆಳ್ಳಕ್ಕಿಗೆ ಇದಕ್ಕಿಂತ ಸರಿಯಾದ ಬಾಗಿಲು ಬೇಕೇ? ನಮ್ಮವರು ನಿಯಮಕ್ಕಿಂತ ಹೆಚ್ಚು ಮಡಿವಂತರಾಗಿದ್ದಾರೆ. ಇನ್ನು ಆ ಬಾಗಿಲಲ್ಲಿ ನುಗ್ಗಲಾಗದ ಚಿತ್ರಗಳೂ ಇವೆ. ಬಂಗಾಳದ ಬಿಷ್ಣುಪುರದಲ್ಲಿ ಜನ ಎಸೆದ ಬೆಂಕಿಯ ಉಂಡೆಗಳ ನಡುವೆ ಓಡುತ್ತಿರುವ ತಾಯಿ ಆನೆ ಮತ್ತು ಮರಿಯನ್ನು ಬಿಪ್ಲಬ್ ಹಜ್ರಾ ತೆಗೆದರು. 2017ರಲ್ಲಿ ಅದಕ್ಕೆ ಸ್ಯಾಂಕ್ಚುರಿ ಪತ್ರಿಕೆಯ ಮುಖ್ಯ ಪ್ರಶಸ್ತಿ ಬಂತು. ಅದರ ಹಿನ್ನೆಲೆಯಲ್ಲಿ ಜನರಿಲ್ಲದಿದ್ದರೆ ಆ ಚಿತ್ರವೇ ಇಲ್ಲ. ಮುಂಬೈಯ ಆರೆ ಕಾಲೊನಿಯ ಗಲ್ಲಿಯಲ್ಲಿ ನಡೆದುಬರುವ ಚಿರತೆಯನ್ನು ನಯನ್ ಖಾನೋಲ್ಕರ್ ಗೋಡೆ, ಬಾಗಿಲು, ದೀಪದ ಸಮೇತ ತೋರಿಸಿ 2016ರಲ್ಲಿ ಲಂಡನ್ನಿನ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯ ನಗರ ವಿಭಾಗ ಗೆದ್ದರು.

ಎರಡನೆಯ ಸಮರ್ಥನೆ ಪರಂಪರೆಯದು, ಇದರ ಜೊತೆ ನನ್ನ ಜಗಳ ಹಳೆಯದು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಟ್ಟಿದ ಶಾಲೆ ಇದು, ಹಿನ್ನೆಲೆಯ ಶುದ್ಧಿ ಅವರಿಂದ ಬಂದದ್ದು ಎಂದು ನಮ್ಮ ಛಾಯಾಗ್ರಹಣ ವಿಮರ್ಶಕರು ಬರೆಯುತ್ತಲೇ ಇರುತ್ತಾರೆ. ಒ.ಸಿ. ಎಡ್ವರ್ಡ್ಸ್ ಅವರಲ್ಲಿ ಪಳಗಿದ ಪೆರುಮಾಳ್ ಅವರ ತಾಳ್ಮೆಯ ಮುಂದೆ ತಲೆಬಾಗುತ್ತೇನೆ. ಆದರೆ ಆ ಕಾಲದ ಕಪ್ಪು ಹಿನ್ನೆಲೆ ಹೇಗೆ ಹುಟ್ಟಿತು ಎಂದು ಈ ವಿಮರ್ಶಕರು ಕೇಳುವುದಿಲ್ಲ. ಫಿಲ್ಮಿನ ವೇಗ ಕಡಿಮೆ, ಲೆನ್ಸ್ ಗಿಡ್ಡ, ಮರೆಯೊಳಗೆ ಕೂತು ಗೂಡಿನ ಹತ್ತಿರದಿಂದ ಫ್ಲಾಶ್ ಹೊಡೆಯಬೇಕು. ಫ್ಲಾಶಿನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಹಕ್ಕಿ 2 ಮೀಟರ್‌ನಲ್ಲಿ, ಹಿಂದಿನ ಮರ 6 ಮೀಟರ್‌ನಲ್ಲಿ ಇದ್ದರೆ ಮರಕ್ಕೆ ಸಿಗುವುದು ಹಕ್ಕಿಗೆ ಸಿಕ್ಕಿದ್ದರ ಒಂಬತ್ತನೇ ಒಂದು ಪಾಲು. ಹಿನ್ನೆಲೆ ಕಪ್ಪಾಗದೆ ಬೇರೆ ಗತಿಯಿರಲಿಲ್ಲ. ಆ ಪೀಳಿಗೆ ತನ್ನ ಸಲಕರಣೆಯ ಮಿತಿಯೊಳಗೆ ಹೋರಾಡಿ ಗೆದ್ದದ್ದನ್ನು, ಯಾವ ಮಿತಿಯೂ ಇಲ್ಲದ ಇಂದಿನವರು ಸೌಂದರ್ಯದ ತತ್ವ ಎಂದು ಹಿಡಿದುಕೊಂಡಿದ್ದಾರೆ. ಅದೇ ಪರಂಪರೆಯಲ್ಲಿ ಸಂಡೂರಿನ ಎಂ.ವೈ. ಘೋರ್ಪಡೆ ಇದ್ದಾರೆ. 1983ರ ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಪುಸ್ತಕದ ಕಪ್ಪುಬಿಳುಪು ಚಿತ್ರಗಳಲ್ಲಿ ಪ್ರಾಣಿಯ ಜೊತೆ ಕಾಡಿನ ಬೆಳಕೂ ಧೂಳೂ ಮೈತಳೆದು ನಿಂತಿವೆ. ಪರಂಪರೆಯ ಹೆಸರು ಹೇಳುವವರಿಗೆ ಘೋರ್ಪಡೆ ಏಕೆ ನೆನಪಾಗುವುದಿಲ್ಲ ಎನ್ನುವುದು ನನಗೆ ಬಹಳ ದಿನದಿಂದ ಕಾಡುವ ಪ್ರಶ್ನೆ.

ಹಿನ್ನೆಲೆ ಒರೆಸುವ ಈ ತಂತ್ರಪ್ರಿಯರಿಗೆ ಎದುರು ನಿಂತ ಮತ್ತೊಂದು ಗುಂಪಿದೆ. ಕ್ಯಾಮೆರಾ ಮುಖ್ಯವಲ್ಲ, ಕಣ್ಣು ಮುಖ್ಯ, ಲೆನ್ಸು ಐಎಸ್‌ಒ ಎಂದು ಹರಟುವುದು ಬಿಡಿ ಎನ್ನುತ್ತದೆ. ಈ ಮಾತಿಗೆ ಸಾಹಿತ್ಯದ ಜನ ಬೇಗ ತಲೆಯಾಡಿಸುತ್ತಾರೆ. ನನಗೆ ಇದು ಮೊದಲಿನದಕ್ಕಿಂತ ಹೆಚ್ಚು ಹಾನಿಕರ ಎನಿಸುತ್ತದೆ. ಟಿಲ್ಲರಿನವನ ಮುಖ ಉಳಿಯಿತೋ ಅಳಿಯಿತೋ ಎನ್ನುವುದು ತೀರ್ಮಾನವಾಗುವುದು ಎಫ್ 6.3ಕ್ಕೂ ಎಫ್ 11ಕ್ಕೂ ನಡುವೆ, 600ಕ್ಕೂ 200ಕ್ಕೂ ನಡುವೆ. ಹವ್ಯಾಸಿಗಳು ತಂತ್ರದ ಮಾತು ಆಡುವುದು ತಪ್ಪಲ್ಲ, ಅರ್ಧಕ್ಕೆ ನಿಲ್ಲಿಸುವುದು ತಪ್ಪು. ಯಾವ ಸೆಟ್ಟಿಂಗ್ ಎಂದು ಕೇಳುತ್ತಾರೆ, ಆ ಸೆಟ್ಟಿಂಗ್ ಯಾರನ್ನು ಚಿತ್ರದಿಂದ ಆಚೆ ಹಾಕಿತು ಎಂದು ಕೇಳುವುದಿಲ್ಲ.

ಇಲ್ಲಿ ತೇಜಸ್ವಿಯವರ ಮಾತು ಬರಲೇಬೇಕು. ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಹಕ್ಕಿಗಳ ಹಿಂದೆ ಕ್ಯಾಮೆರಾ ಹೊತ್ತು ತಿರುಗಿದ ಅವರನ್ನು ಈ ಸೀಮೆಯ ಪ್ರತಿ ಹವ್ಯಾಸಿಯೂ ಗುರು ಎನ್ನುತ್ತಾನೆ. ಸಾಹಿತ್ಯ ವಿಮರ್ಶಕರು 'ಕರ್ವಾಲೊ' ಬಗ್ಗೆ ಗ್ರಂಥಗಳನ್ನೇ ಬರೆದು, 'ಮಾಯೆಯ ಮುಖಗಳು' ಎಂಬ ಛಾಯಾಚಿತ್ರಗಳ ಪುಸ್ತಕವನ್ನು ಲೇಖಕನ ಖಾಸಗಿ ಖಯಾಲಿ ಎಂದು ಬದಿಗಿಟ್ಟರು. ಛಾಯಾಗ್ರಾಹಕರು ಚಿತ್ರಗಳನ್ನು ಇಟ್ಟುಕೊಂಡು ಬರಹವನ್ನು ಬಿಟ್ಟರು. ಇಬ್ಬರದೂ ಒಂದೇ ಬಗೆಯ ಕುರುಡು. ತೇಜಸ್ವಿಯವರ ಹಕ್ಕಿಚಿತ್ರಗಳೂ ಹಲವು ಸಲ ಹಕ್ಕಿಯನ್ನೇ ತುಂಬಿಕೊಂಡ ಚಿತ್ರಗಳು, ಒಪ್ಪುತ್ತೇನೆ. ಆದರೆ ಅದೇ ಲೇಖಕ 'ಪರಿಸರದ ಕತೆ'ಯಲ್ಲಿ ಮಾರ, ಪ್ಯಾರ, ಕಿವಿ ಎಂಬ ನಾಯಿ, ಬೇಟೆ, ತೋಟದ ತಾಪತ್ರಯ ಎಲ್ಲವನ್ನೂ ಹೊತ್ತು ತಂದ. ಲೆನ್ಸು ಹೊರಗೆ ಬಿಟ್ಟದ್ದನ್ನು ಗದ್ಯ ಒಳಗೆ ಕರೆಯಿತು. ಎರಡನ್ನೂ ಸೇರಿಸಿ ಓದಿದಾಗಲೇ ಅವರು ಛಾಯಾಗ್ರಾಹಕರಾಗಿ ಎಷ್ಟು ದೊಡ್ಡವರು ಎಂದು ತಿಳಿಯುವುದು. ಅವರ ಶಿಷ್ಯರೆನ್ನುವವರು ವಾರದ ಚಿತ್ರದ ಕೆಳಗೆ ಏನು ಬರೆಯುತ್ತಾರೆ ನೋಡಿ: ಕ್ಯಾಮೆರಾದ ಹೆಸರು, ಲೆನ್ಸು, ಶಟರ್ ವೇಗ, ಐಎಸ್‌ಒ. ಯಾವ ಮರ, ಅಲ್ಲಿ ಏನು ಕೆಲಸ ನಡೆಯುತ್ತಿತ್ತು, ಮಳೆ ಬಂದು ಎಷ್ಟು ದಿನವಾಗಿತ್ತು, ಒಂದೂ ಇಲ್ಲ. ಗೂಡಿನ ಜಾಗ ಹೇಳಿದರೆ ಜನ ಮುತ್ತುತ್ತಾರೆ ಎನ್ನುವ ಎಚ್ಚರ ಸರಿಯಾದದ್ದು, ಅದನ್ನು ಪಾಲಿಸಲೇಬೇಕು. ಮರದ ಹೆಸರು ಹೇಳಿದರೆ ಯಾರೂ ಮುತ್ತುವುದಿಲ್ಲ.

ಆನೆಯ ಚಿತ್ರಗಳಲ್ಲಿ ಈ ದೋಷ ಸಹಿಸಲಾಗದಷ್ಟು ಬೆಳೆದಿದೆ. ಭೀಮ, ಕರಡಿ ಎಂದು ಕಾಡಾನೆಗಳನ್ನು ಹೆಸರಿಟ್ಟು ಕರೆಯುವ ಊರುಗಳು ಇವು. ಮೊಬೈಲಿಗೆ ಆನೆ ಬಂದ ಸಂದೇಶ ನೋಡಿಕೊಂಡು ತೋಟದ ಆಳುಗಳು ಕೆಲಸಕ್ಕೆ ಇಳಿಯುತ್ತಾರೆ. ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಇದೇ ಯಸಳೂರು ಭಾಗದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ. ಇಷ್ಟೆಲ್ಲ ನಡೆದ ನೆಲದಿಂದ ವಾರವಾರವೂ ಬರುವ ಚಿತ್ರ ಯಾವುದು? ಸಲಗದ ಕಣ್ಣು, ಸುಕ್ಕಿನ ಚರ್ಮ, ಕಪ್ಪುಬಿಳುಪು, ಸುತ್ತ ಕತ್ತಲೆ. ಮುರಿದ ರೋಬಸ್ಟ ಗಿಡ, ಕಿತ್ತುಹೋದ ಪೈಪು, ರಸ್ತೆಯಾಚೆ ನಿಂತ ಶಾಲೆಯ ಮಕ್ಕಳು ಕ್ರಾಪಿನಲ್ಲಿ ಹೋದರು. ಇಂಥ ಚಿತ್ರದಲ್ಲಿ ಆನೆಗೂ ನ್ಯಾಯವಿಲ್ಲ, ಏಕೆಂದರೆ ಅದು ಎಲ್ಲಿ ಬದುಕಬೇಕಾಗಿ ಬಂದಿದೆ ಎನ್ನುವುದೇ ಅದರ ಇಂದಿನ ಸ್ಥಿತಿ.

ನಷ್ಟ ಸೌಂದರ್ಯದ್ದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಆಲೂರು ಸಕಲೇಶಪುರದ ಕಣಿವೆಗಳಲ್ಲಿ ಆನೆಯ ಕಾಟಕ್ಕೂ ಆಳಿನ ಅಭಾವಕ್ಕೂ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವು ಶುಂಠಿಗೆ, ಅಡಿಕೆಗೆ ತಿರುಗಿವೆ. ಹಳೆಯ ನೆರಳು ಮರ ಹೋಗಿ ಸಿಲ್ವರ್ ಓಕ್ ಬಂದಿದೆ. ಈ ಬದಲಾವಣೆ ನಡೆದ ವರ್ಷಗಳಲ್ಲೇ ಅದೇ ಗದ್ದೆ, ಅದೇ ತೋಟದ ಅಂಚಿನಲ್ಲಿ ವಾರ ತಪ್ಪದೆ ಕ್ಯಾಮೆರಾಗಳು ನಿಂತಿದ್ದವು. ಯಾವ ಬಯಲು ಯಾವ ವರ್ಷ ನಾಟಿ ನಿಲ್ಲಿಸಿತು ಎಂದು ಹುಡುಕಿ ಆ ಚಿತ್ರಗಳನ್ನು ತಿರುವಿ ಹಾಕಿದವನಿಗೆ ಹಕ್ಕಿಯ ಹಿಂದೆ ಹಸಿರು ಬಣ್ಣ ಸಿಗುತ್ತದೆ, ಅದು ಭತ್ತವೋ ಶುಂಠಿಯೋ ಕಳೆಯೋ ತಿಳಿಯುವುದಿಲ್ಲ.

ಆದ್ದರಿಂದ ಈ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಬರುವ ನಾಟಿಯ ಕಾಲದಲ್ಲಿ ಒಂದು ತಿಂಗಳು ದೊಡ್ಡ ಲೆನ್ಸನ್ನು ಮನೆಯಲ್ಲಿಡಿ. 200 ಎಂಎಂ ಮೀರದೆ, ಎಫ್ 11ಕ್ಕಿಂತ ಹೆಚ್ಚು ತೆರೆಯದೆ ತೆಗೆಯಿರಿ. ಚಿತ್ರದ ಕೆಳಗೆ ಮೂರು ಸಾಲು ಬರೆಯಿರಿ: ಏನು ಬೆಳೆ, ಏನು ಕೆಲಸ, ಹಕ್ಕಿ ಕೂತದ್ದು ಯಾವ ಮರ. ಅದರಲ್ಲಿ ಕೆಂಪು ಟವೆಲ್ಲು ಕಣ್ಣಿಗೆ ಹೊಡೆಯುತ್ತದೆ ಎಂದು ಯಾರಾದರೂ ತಕರಾರು ತೆಗೆದರೆ, ಆ ಚರ್ಚೆಗೆ ನಾನೂ ಬಂದು ಕೂರುತ್ತೇನೆ.