ಅಗ್ಗದ ಪ್ರವಾಸ ಯಾರಿಗೆ ಅಗ್ಗ?

ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ಬರವಿಲ್ಲ. ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕದಲ್ಲಿ ಗೊರೂರು’, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ಈಚೆಗೆ ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’. ಇವನ್ನೆಲ್ಲ ನಾವು ಲೈಬ್ರರಿಯ ಬೆಂಚಿನ ಮೇಲೆ ಕೂತು ಓದಿದವರು. ಕಾರಂತರ ಕುತೂಹಲವನ್ನಾಗಲಿ ಗೊರೂರರ ನಗುವನ್ನಾಗಲಿ ಅಲ್ಲಗಳೆಯುವ ಚಪಲ ನಮಗಿಲ್ಲ. ಆದರೆ ಈಗ ಈ ಸಾಹಿತ್ಯದ ಬೆನ್ನಿಗೆ ಇನ್ನೊಂದು ಮಾತು ಹುಟ್ಟಿಕೊಂಡಿದೆ: ಜೇಬಿನಲ್ಲಿ ಕಾಸಿಲ್ಲದಿದ್ದರೂ ಜಗತ್ತು ಸುತ್ತಬಹುದು, ಧೈರ್ಯ ಒಂದಿದ್ರೆ ಸಾಕು ಅಂತ. ಈ ಮಾತನ್ನು ಹಾಗೇ ಬಿಡುವಂತಿಲ್ಲ.

ಅಗ್ಗದಲ್ಲಿ ಸುತ್ತುವುದು ಹೇಗೆ? ಅವರು ಕೊಡುವ ಉಪಾಯ ನೋಡಿ. ಹೋಟೆಲ್ ರೂಮು ಮಾಡಬೇಡ, ಗುರುತಿಲ್ಲದವರ ಮನೆಯಲ್ಲಿ ಮಲಗು. ಬಸ್ಸಿಗೆ ಕಾಸು ಕೊಡಬೇಡ, ದಾರಿಯಲ್ಲಿ ಬರುವ ಗಾಡಿಗೆ ಕೈ ಅಡ್ಡ ಹಿಡಿ. ನೀರು ಕೊಳ್ಳಬೇಡ, ಯಾರನ್ನಾದರೂ ಕೇಳು. ಗುಡಿ, ಛತ್ರ, ಜಗಲಿ ಸಿಕ್ಕರೆ ರಾತ್ರಿ ಕಳೆ. ಅಂದರೆ ಉಳಿಯುವ ಪ್ರತಿಯೊಂದು ರೂಪಾಯಿಯೂ ಇನ್ನೊಬ್ಬರು ಬಾಗಿಲು ತೆಗೆಯುವುದರಿಂದ ಉಳಿಯುತ್ತದೆ. ಹಾಗಾದರೆ ಈ ಪ್ರವಾಸಿಯ ಬಂಡವಾಳ ಧೈರ್ಯವಲ್ಲ. ಕಾಣದ ಊರಿನಲ್ಲೂ ತನಗೆ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆ. ಆ ನಂಬಿಕೆಯನ್ನು ಈ ದೇಶದಲ್ಲಿ ಹುಟ್ಟಿನಿಂದಲೇ ಪಡೆದವರಿದ್ದಾರೆ. ಹುಟ್ಟಿನಿಂದಲೇ ಕಳೆದುಕೊಂಡವರೂ ಇದ್ದಾರೆ.

ಇದನ್ನು ಲೆಕ್ಕ ಹಾಕಿ ತೋರಿಸಿದ ಬರಹ ಒಂದಿದೆ. ಬಾಬಾಸಾಹೇಬ್ ಅಂಬೇಡ್ಕರರ ‘ವೀಸಾಗಾಗಿ ಕಾಯುತ್ತಾ’. ಪ್ರವಾಸ ಸಾಹಿತ್ಯದ ಪಟ್ಟಿಯಲ್ಲಿ ಅದನ್ನು ಯಾರೂ ಸೇರಿಸುವುದಿಲ್ಲ. ನಾವು ಸೇರಿಸುತ್ತೇವೆ, ಮೊದಲ ಸಾಲಿನಲ್ಲೇ ಸೇರಿಸುತ್ತೇವೆ.

1901. ಒಂಬತ್ತು ವರ್ಷದ ಹುಡುಗ, ಅವನ ಅಣ್ಣ, ಅಕ್ಕನ ಮಕ್ಕಳು. ಸಾತಾರಾದಿಂದ ಕೋರೆಗಾಂವ್‌ಗೆ ಅಪ್ಪನನ್ನು ನೋಡಲು ಹೊರಟಿದ್ದಾರೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಮೈಮೇಲೆ ಹೊಸ ಬಟ್ಟೆ, ಕೈಯಲ್ಲಿ ದುಡ್ಡು, ಬುತ್ತಿಯಲ್ಲಿ ಊಟ. ಮಹಾರರೆಂದು ಗೊತ್ತಾದ ಕೂಡಲೇ ಗಾಡಿ ಹೂಡುವವರೇ ಇಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಎತ್ತುಗಳನ್ನೂ ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಊಟವಿತ್ತು, ಕುಡಿಯಲು ನೀರು ಸಿಗಲಿಲ್ಲ. ರಾತ್ರಿ ಹಸಿದೇ ಮಲಗಿದರು.

ಗಮನಿಸಿ ಗೆಳೆಯರೆ. ಬಡವ ಕಡಿಮೆ ಕೊಟ್ಟು ಪ್ರಯಾಣ ಮಾಡುತ್ತಾನೆ ಎಂಬುದು ಇವರ ಗಣಿತ. ಅಸ್ಪೃಶ್ಯ ಎರಡರಷ್ಟು ಕೊಟ್ಟು ಅರ್ಧ ಪ್ರಯಾಣ ಪಡೆಯುತ್ತಾನೆ ಎಂಬುದು ಆ ಬರಹದ ಗಣಿತ. ಅದೇ ಹುಡುಗ 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿಗೆ ಹೋದ. ಪರದೇಶದಲ್ಲಿದ್ದಷ್ಟು ದಿನ ತಾನು ಅಸ್ಪೃಶ್ಯ ಎಂಬುದೇ ಮರೆತುಹೋಗಿತ್ತು ಎಂದು ಬರೆದಿದ್ದಾರೆ. ವಾಪಸು ಬಂದು ಬರೋಡಾದಲ್ಲಿ ಇಳಿದರೆ ತಲೆ ಊರಲು ಜಾಗವಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಇಟ್ಟುಕೊಂಡು ಕೆಲವು ದಿನ ಇದ್ದರು. ಕೋಲು ಹಿಡಿದು ಬಂದವರು ಅಲ್ಲಿಂದಲೂ ಹೊರದೂಡಿದರು. ಸಮುದ್ರ ದಾಟಲು ಬೇಕಾಗದ ವೀಸಾ ಸ್ವಂತ ದೇಶದಲ್ಲಿ ಬೇಕಾಯಿತು. ಆ ಶೀರ್ಷಿಕೆಯ ವ್ಯಂಗ್ಯವನ್ನು ನಮ್ಮ ಪ್ರವಾಸ ಕಥನಗಳು ಇನ್ನೂ ಎದುರಿಸಿಲ್ಲ.

‘ಅಮೆರಿಕದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಹೆಸರೇ ಸೊಗಸು. ಗೊರೂರೆಂದರೆ ಲೇಖಕರೂ ಹೌದು, ಅವರ ಊರೂ ಹೌದು. ಊರೇ ಅಮೆರಿಕಕ್ಕೆ ಹೋಗಿ ಬಂದಂತೆ. ಆದರೆ ಯಾವ ಊರಿಗೂ ಬೀದಿಗಳಿವೆ, ಬೀದಿಗಳ ಆಚೆಗೆ ಕೇರಿಯಿದೆ. ಊರು ವಿಮಾನ ಹತ್ತುವಾಗ ಕೇರಿಗೆ ಟಿಕೆಟ್ ಇತ್ತಾ? ಈ ಪ್ರಶ್ನೆ ಗೊರೂರರೊಬ್ಬರಿಗಲ್ಲ, ಇಡೀ ಪ್ರಕಾರಕ್ಕೆ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯನ್ನೇ ನೋಡಿ. ಇಲ್ಲಿ ಎಲ್ಲಕ್ಕಿಂತ ದೂರ ಹೋಗೋದು ಕೊಬ್ಬರಿ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ಒಂದು ವರ್ಷ ಒಣಗಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ. ಅಲ್ಲಿಂದ ಲಾರಿಯಲ್ಲಿ ಉತ್ತರ ಭಾರತಕ್ಕೆ. ಆ ಲಾರಿಯ ಕ್ಲೀನರ್ ಹುಡುಗ ಎಷ್ಟು ರಾಜ್ಯ ದಾಟಿರ್ತಾನೆ, ಎಷ್ಟು ಭಾಷೆಯಲ್ಲಿ ನೀರು ಕೇಳಿರ್ತಾನೆ! ಕಾಸಿಲ್ಲದೆ ದೇಶ ಸುತ್ತಿದವನು ಅವನೇ ಅಲ್ವಾ? ಅವನನ್ನು ‘ಪ್ರವಾಸಿ’ ಅಂತ ಯಾರೂ ಕರೆಯೋದಿಲ್ಲ. ‘ಲಾರಿ ಮೇಲೆ ಹೋಗವ್ನೆ’ ಅಂತಾರೆ ಅಷ್ಟೆ. ಚಿಪ್ಪಿಗೂ ಇಂಥದೇ ಕಥೆ ಐತೆ. ಕೊಬ್ಬರಿ ಪೇಟೆಗೆ ಹೋಯಿತು, ಚಿಪ್ಪು ಉಳಿಯಿತು. ಲೋಟ ಮುಟ್ಟಬಾರದ ನಮ್ಮ ಅಜ್ಜಂದಿರಿಗೆ ಚಿಪ್ಪಿನಲ್ಲಿ ಟೀ ಹೊಯ್ದ ಕಾಲವೂ ಈ ನಾಡಿನಲ್ಲಿತ್ತು. ಅಂಥವರು ಗುರುತಿಲ್ಲದ ಊರಿನ ಜಗಲಿ ನಂಬಿ ಹೊರಡುವುದು ಹೇಗೆ?

ಹೊರಟವರೂ ಇದ್ದಾರೆ. ಸಾಹಿತ್ಯದ ಕಣ್ಣಿಗೆ ಬೀಳದೆ ನಿಜವಾಗಿ ಅಗ್ಗದಲ್ಲಿ ಲೋಕ ಸುತ್ತಿದವರು ಹಕ್ಕಿಪಿಕ್ಕಿಗಳು. ಹಕ್ಕಿ ಹಿಡಿದು ಬದುಕುತ್ತಿದ್ದ ಜನ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಸುಬು ಅಪರಾಧವಾಯಿತು. ಗಿಡಮೂಲಿಕೆ, ಎಣ್ಣೆ ಮಾರುತ್ತಾ ಊರೂರು ತಿರುಗಿದರು. ತಿರುಗುತ್ತಾ ಆಫ್ರಿಕಾ ಮುಟ್ಟಿದರು. ಇದು ಕನ್ನಡನಾಡಿಗೆ ಗೊತ್ತಾದದ್ದು ಯಾವಾಗ? 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾಗಿ, ಗುಂಡಿನ ಸದ್ದಿನ ನಡುವೆ ಅವರು ಅನ್ನ ನೀರಿಲ್ಲದೆ ಸಿಕ್ಕಿಬಿದ್ದಾಗ. ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನಿನಿಂದ ಜೆಡ್ಡಾಕ್ಕೆ, ಜೆಡ್ಡಾದಿಂದ ಮನೆಗೆ ಕರೆತಂದರು. ಪತ್ರಿಕೆಗಳು ‘ಇವರು ಅಲ್ಲಿಗೆ ಯಾಕೆ ಹೋದರು’ ಎಂದು ಅಚ್ಚರಿಪಟ್ಟವು. ಅದೇ ಹಾದಿಯಲ್ಲಿ ಬೆನ್ನುಚೀಲ ಹೊತ್ತ ಮೇಲ್ಜಾತಿಯ ಹುಡುಗ ಹೋಗಿದ್ದರೆ ‘ಸಾಹಸಿ’ ಅನ್ನುತ್ತಿದ್ದವು. ಅವನ ಬಡತನ ಮೂರು ತಿಂಗಳ ವ್ರತ, ಇವರ ಬಡತನ ತಲೆಮಾರಿನ ಬದುಕು. ಮೊದಲನೆಯದಕ್ಕೆ ಪುಸ್ತಕವಾಗುತ್ತದೆ, ಎರಡನೆಯದಕ್ಕೆ ಪೊಲೀಸ್ ವಿಚಾರಣೆಯಾಗುತ್ತದೆ.

ನಾವು ಪ್ರವಾಸ ಬೇಡ ಅನ್ನುತ್ತಿಲ್ಲ. ನಮ್ಮ ಹುಡುಗ ಹುಡುಗಿಯರು ಹೋಗಬೇಕು, ಕಡಲು ದಾಟಬೇಕು, ಜಾತಿ ಕೇಳದ ಬೀದಿಯಲ್ಲಿ ಒಂದು ಸಂಜೆಯಾದರೂ ನಡೆಯಬೇಕು. ಹೋಗಿ ಬಂದು ಬರೆಯಬೇಕು. ಬರೆಯುವಾಗ ಗೋಪುರ, ಸೇತುವೆ, ಹಿಮದ ವರ್ಣನೆ ಆಮೇಲೆ ಇರಲಿ. ಎಲ್ಲಿ ನೀರು ಕೇಳಿದಿರಿ, ಯಾರು ಕೊಟ್ಟರು, ಯಾವ ಪಾತ್ರೆಯಲ್ಲಿ ಕೊಟ್ಟರು, ಹೆಸರು ಕೇಳುವ ಮೊದಲು ಕೊಟ್ಟರೋ ಕೇಳಿದ ಮೇಲೋ? ಇಷ್ಟನ್ನು ಮೊದಲ ಪುಟದಲ್ಲೇ ಬರೆಯಿರಿ. ಲಾರಿ ಕ್ಲೀನರನನ್ನೂ ಹಕ್ಕಿಪಿಕ್ಕಿ ಅಜ್ಜಿಯನ್ನೂ ಕೂರಿಸಿಕೊಂಡು ಕೇಳಿ, ಬರೆದುಕೊಳ್ಳಿ. ಕನ್ನಡದ ಪ್ರವಾಸ ಸಾಹಿತ್ಯಕ್ಕೆ ಲೋಕ ಕಂಡದ್ದು ಸಾಕಷ್ಟಾಗಿದೆ. ಬಾಡಿಗೆ ಯಾರು ಎಷ್ಟು ತೆತ್ತರು ಎಂಬ ಲೆಕ್ಕ ಮಾತ್ರ ಬಾಕಿ ಇದೆ.