ಒಲ್ಲೆನೆಂದ ಪಾತ್ರಗಳು: ಸಿಸಿಲಿ ಟೈಸನ್ ಅವರ ಅಭಿನಯವನ್ನು ಕುರಿತು

ನಟನಟಿಯರ ಸಾಧನೆಯನ್ನು ಅಳೆಯುವಾಗ ಅವರು ಮಾಡಿದ ಪಾತ್ರಗಳನ್ನು ಎಣಿಸುವುದು ವಾಡಿಕೆ. ಒಲ್ಲೆನೆಂದು ಮರಳಿಸಿದ ಪಾತ್ರಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಆದರೆ ಅಮೆರಿಕದ ನಟಿ ಸಿಸಿಲಿ ಟೈಸನ್ (1924–2021) ಅವರ ವಿಷಯದಲ್ಲಿ ಈ ಎರಡನೆಯ ಲೆಕ್ಕವನ್ನು ನೋಡದೆ ಮೊದಲನೆಯದು ಅರ್ಥವಾಗುವುದಿಲ್ಲ. ರಂಗಭೂಮಿ, ಕಿರುತೆರೆ, ಚಲನಚಿತ್ರ ಈ ಮೂರರಲ್ಲೂ ಸುಮಾರು ಅರವತ್ತು ವರ್ಷ ದುಡಿದ ಅವರು, ಕಪ್ಪು ಜನರನ್ನು ಕೀಳಾಗಿ ಕಾಣಿಸುವ ಪಾತ್ರವನ್ನು ಮುಟ್ಟುವುದಿಲ್ಲವೆಂಬ ವ್ರತವನ್ನು ಹಿಡಿದವರು. ಈ ವ್ರತ ಅವರ ಕಲೆಗೆ ಏನನ್ನು ಕೊಟ್ಟಿತು, ಏನನ್ನು ಕಸಿದುಕೊಂಡಿತು ಎಂಬುದೇ ಈ ಲೇಖನದ ವಿಚಾರ.

ಕೆರಿಬಿಯನ್ ಸಮುದ್ರದ ನೀವಿಸ್ ದ್ವೀಪದಿಂದ ನ್ಯೂಯಾರ್ಕಿಗೆ ವಲಸೆ ಬಂದ ದಂಪತಿಗಳ ಮಗಳು ಟೈಸನ್. ಬಡತನದ ಮನೆ, ತಾಯಿ ಕಟ್ಟಾ ದೈವಭಕ್ತೆ. ನಾಟಕ, ಸಿನಿಮಾಗಳೆಂದರೆ ಆಕೆಗೆ ಪಾಪದ ದಾರಿ. ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿ, ಅನಂತರ ರೂಪದರ್ಶಿಯಾಗಿ ದುಡಿದ ಮಗಳು ನಟನೆಗೆ ಇಳಿದಾಗ ತಾಯಿಯ ಮನೆಯನ್ನೇ ಬಿಡಬೇಕಾಯಿತು. ಅವರನ್ನು ನಾಟಕಪ್ರಿಯರು ಗುರುತಿಸಿದ್ದು 1961ರಲ್ಲಿ, ಫ್ರೆಂಚ್ ನಾಟಕಕಾರ ಜ್ಯಾಂ ಜೆನೆಯ 'ದಿ ಬ್ಲ್ಯಾಕ್ಸ್' ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂದಾಗ. ಜೇಮ್ಸ್ ಅರ್ಲ್ ಜೋನ್ಸ್, ಮಾಯಾ ಏಂಜಲೋ ಮೊದಲಾದವರಿದ್ದ ಆ ತಂಡದಲ್ಲಿ ಟೈಸನ್ ವಹಿಸಿದ್ದು ವರ್ಚ್ಯೂ ಎಂಬ ವೇಶ್ಯೆಯ ಪಾತ್ರವನ್ನು. ಇದನ್ನು ನೆನಪಿಡಬೇಕು. ಅವರು ಮುಂದೆ ಹಿಡಿದ ವ್ರತವನ್ನು ಬರಿಯ ಮಡಿವಂತಿಕೆಯೆಂದು ತಿಳಿಯುವವರಿಗೆ ಈ ಪಾತ್ರವೇ ಉತ್ತರ. ಪಾತ್ರದ ಕಸುಬು ಯಾವುದೆಂಬುದು ಅವರ ಪ್ರಶ್ನೆಯಾಗಿರಲಿಲ್ಲ. ಆ ಕಸುಬಿನವಳನ್ನು ನಾಟಕ ಮನುಷ್ಯಳಾಗಿ ಕಾಣುತ್ತದೆಯೇ ಎಂಬುದಷ್ಟೇ ಅವರಿಗೆ ಮುಖ್ಯವಾಗಿತ್ತು.

1963ರಲ್ಲಿ ಆರಂಭವಾದ 'ಈಸ್ಟ್ ಸೈಡ್ ವೆಸ್ಟ್ ಸೈಡ್' ಎಂಬ ದೂರದರ್ಶನ ಧಾರಾವಾಹಿಯಲ್ಲಿ ಅವರು ಸಮಾಜಸೇವಾ ಕಚೇರಿಯೊಂದರ ಕಾರ್ಯದರ್ಶಿಯಾದರು. ಕಪ್ಪು ಹೆಂಗಸು ಕಿರುತೆರೆಯಲ್ಲಿ ಕಾಣಿಸಿಕೊಂಡರೆ ಬಹುಮಟ್ಟಿಗೆ ಮನೆಗೆಲಸದವಳಾಗಿಯೇ ಎಂಬ ಕಾಲವದು. ಟೈಸನ್ ಮೇಜಿನ ಹಿಂದೆ ಕುಳಿತರು. ಕೂದಲನ್ನು ಕಾಯಿಸಿ ನೇರಗೊಳಿಸದೆ ಹುಟ್ಟುಗುಂಗುರಿನಲ್ಲೇ ಬಿಟ್ಟರು. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಪ್ರತಿವಾರವೂ ಮನೆಮನೆಯ ಪಡಸಾಲೆಗೆ ಹೋಗುವ ಮುಖ ಹೇಗಿರಬೇಕೆಂಬುದನ್ನು ಆ ಮುಖದವರೇ ನಿಶ್ಚಯಿಸಿದರೆಂಬುದು ಸಣ್ಣ ಸಂಗತಿಯಲ್ಲ.

ಅವರ ಚಲನಚಿತ್ರ ಕೃಷಿಯ ಶಿಖರವೆಂದರೆ 1972ರ 'ಸೌಂಡರ್'. ಕಾಲ 1933, ಸ್ಥಳ ಲೂಸಿಯಾನ, ಗೇಣಿ ಒಕ್ಕಲಿನ ಕಪ್ಪು ಸಂಸಾರ. ಹಸಿದ ಮಕ್ಕಳಿಗಾಗಿ ಮಾಂಸ ಕದ್ದ ತಂದೆ ಶಿಕ್ಷೆಗೆ ಗುರಿಯಾಗಿ ದೂರದ ದುಡಿಮೆಯ ಶಿಬಿರಕ್ಕೆ ಹೋಗುತ್ತಾನೆ. ತಾಯಿ ರೆಬೆಕ್ಕಾ ಮಕ್ಕಳನ್ನು ಕಟ್ಟಿಕೊಂಡು ಬೆಳೆ ತೆಗೆಯುತ್ತಾಳೆ. ಚಿತ್ರದ ಬಹುಭಾಗದಲ್ಲಿ ಟೈಸನ್ ತಮ್ಮ ಮುಖವನ್ನು ಬಿಗಿಹಿಡಿದಿರುತ್ತಾರೆ. ಅಧಿಕಾರಿಗಳ ಮುಂದೆ ತಗ್ಗಿದ ದನಿ, ಮಕ್ಕಳ ಮುಂದೆ ಗಟ್ಟಿಯಾದ ದನಿ, ಒಬ್ಬಳೇ ಇದ್ದಾಗ ದನಿಯೇ ಇಲ್ಲ. ಕೊನೆಗೊಂದು ದಿನ ಕುಂಟುತ್ತ ಬರುವ ಗಂಡನನ್ನು ದೂರದಿಂದಲೇ ಗುರುತಿಸಿ ಅವಳು ಓಡುತ್ತಾಳೆ. ಅದುವರೆಗೆ ತಡೆದಿಟ್ಟದ್ದೆಲ್ಲ ಆ ಓಟದಲ್ಲಿ ಬಿಡುಗಡೆಯಾಗುತ್ತದೆ. ಮಾತಿನಲ್ಲಿ ಹೇಳಿದ್ದರೆ ಕಣ್ಣೀರಿನ ಕತೆಯಾಗುತ್ತಿದ್ದುದನ್ನು ಎರಡು ಕಾಲುಗಳು ಎತ್ತಿಹಿಡಿದಿವೆ. ಅತ್ಯುತ್ತಮ ನಟಿಯ ಆಸ್ಕರ್ ಪ್ರಶಸ್ತಿಗೆ ಅವರು ನಾಮನಿರ್ದೇಶನಗೊಂಡದ್ದು ಈ ಪಾತ್ರಕ್ಕಾಗಿ.

ಈ ಚಿತ್ರದ ಪ್ರಚಾರಕ್ಕೆ ಹೋದಾಗ ನಡೆದ ಪ್ರಸಂಗವೊಂದನ್ನು ಅವರು ಅನೇಕ ಸಲ ಹೇಳಿಕೊಂಡಿದ್ದಾರೆ. ತನ್ನ ಮಗ ತನ್ನನ್ನು ಕರೆಯುವಂತೆಯೇ ಕಪ್ಪು ಹುಡುಗನೊಬ್ಬ ತಂದೆಯನ್ನು ಅಕ್ಕರೆಯಿಂದ ಕರೆಯುವುದು ತನಗೆ ಇರುಸುಮುರುಸಾಯಿತೆಂದು ಬಿಳಿಯನೊಬ್ಬ ಎದ್ದು ನಿಂತು ನುಡಿದನಂತೆ. ತಮ್ಮ ನಟನೆಯನ್ನು ಇನ್ನು ಮುಂದೆ ಯಾವುದಕ್ಕೆ ಮೀಸಲಿಡಬೇಕೆಂಬುದು ತಮಗೆ ಸ್ಪಷ್ಟವಾದದ್ದು ಆಗಲೇ ಎನ್ನುತ್ತಾರೆ ಟೈಸನ್. ಬಂದೂಕು, ಮಾದಕವಸ್ತು, ಬೀದಿಯ ಬಡಿದಾಟಗಳಲ್ಲಿ ಕಪ್ಪು ಬದುಕನ್ನು ತೋರಿಸುವ ಚಿತ್ರಗಳು ಹಣ ಸುರಿಸುತ್ತಿದ್ದ ಕಾಲದಲ್ಲಿ ಈ ನಿಶ್ಚಯಕ್ಕೆ ತೆರಬೇಕಾದ ಬೆಲೆ ಕಡಿಮೆಯದಲ್ಲ.

1974ರ ಜನವರಿಯಲ್ಲಿ ಪ್ರಸಾರವಾದ ದೂರದರ್ಶನ ಚಿತ್ರ 'ದಿ ಆಟೋಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್' ಅವರಿಗೆ ಎರಡು ಎಮ್ಮಿ ಪ್ರಶಸ್ತಿಗಳನ್ನು ತಂದಿತು. ಅರ್ನೆಸ್ಟ್ ಗೇನ್ಸ್ ಅವರ ಕಾದಂಬರಿಯನ್ನು ಆಧರಿಸಿದ ಈ ಕತೆಯಲ್ಲಿ ಗುಲಾಮಳಾಗಿ ಹುಟ್ಟಿದ ಜೇನ್ ನೂರಹತ್ತು ವರ್ಷ ಬದುಕಿ 1962ರ ನಾಗರಿಕ ಹಕ್ಕುಗಳ ಚಳವಳಿಯನ್ನೂ ಕಾಣುತ್ತಾಳೆ. ಕಾದಂಬರಿಯಲ್ಲಿ ಅವಳ ಕತೆಯನ್ನು ಕೇಳಿ ಬರೆದುಕೊಳ್ಳುವವನು ಒಬ್ಬ ಇತಿಹಾಸದ ಮೇಷ್ಟ್ರು. ಚಿತ್ರದಲ್ಲಿ ಅವನ ಜಾಗಕ್ಕೆ ಒಬ್ಬ ಬಿಳಿಯ ಪತ್ರಕರ್ತ ಬಂದಿದ್ದಾನೆ. ಬಿಳಿಯ ಪ್ರೇಕ್ಷಕರಿಗೆ ಕುಳಿತುಕೊಳ್ಳಲು ಹಾಕಿಕೊಟ್ಟ ಮಣೆಯಿದು ಎಂದು ದೂರಬಹುದು. ಆದರೂ ಕೊನೆಯ ದೃಶ್ಯದಲ್ಲಿ ಆ ಪತ್ರಕರ್ತನಿಗೆ ಕೆಲಸವೇ ಇಲ್ಲ. ಊರುಗೋಲು ಹಿಡಿದ ಮುದುಕಿ ನ್ಯಾಯಾಲಯದ ಮುಂದೆ ಬಿಳಿಯರಿಗಷ್ಟೇ ಮೀಸಲಾದ ಕುಡಿಯುವ ನೀರಿನ ಬಳಿಗೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಸಾಗಿ, ಬಾಗಿ, ನೀರು ಕುಡಿದು ಹಿಂದಿರುಗುತ್ತಾಳೆ. ರೆಬೆಕ್ಕಾಳ ಓಟದಷ್ಟೇ ಈ ನಿಧಾನದ ನಡಿಗೆಯೂ ಮಾತಿಲ್ಲದ್ದು. ಕೆರೆ, ಬಾವಿ, ನಲ್ಲಿಗಳ ಹಕ್ಕಿಗಾಗಿ ನಡೆದ ನಮ್ಮ ನಾಡಿನ ಹೋರಾಟಗಳನ್ನು ಬಲ್ಲವರಿಗೆ ಈ ದೃಶ್ಯಕ್ಕೆ ಟಿಪ್ಪಣಿ ಬೇಡ.

ಇಷ್ಟು ಹೇಳಿದ ಮೇಲೆ ವಿಮರ್ಶಕನು ಇನ್ನೊಂದನ್ನೂ ಹೇಳಬೇಕಾಗುತ್ತದೆ. ಮುಂದಿನ ಕೆಲವು ವರ್ಷಗಳಲ್ಲಿ ಅವರಿಗೆ ದೊರೆತ ದೊಡ್ಡ ಪಾತ್ರಗಳಲ್ಲಿ ಹಲವು ಮಹಾಮಹಿಳೆಯರದು: ಗುಲಾಮರನ್ನು ಬಿಡುಗಡೆಯ ದಾರಿಗೆ ಒಯ್ದ ಹ್ಯಾರಿಯೆಟ್ ಟಬ್‌ಮನ್, ಮಾರ್ಟಿನ್ ಲೂಥರ್ ಕಿಂಗರ ಪತ್ನಿ ಕೊರೆಟ್ಟಾ, ಷಿಕಾಗೋದ ಶಿಕ್ಷಕಿ ಮಾರ್ವಾ ಕಾಲಿನ್ಸ್. ಗೌರವಕ್ಕೆ ಅರ್ಹರಾದವರೇ ಎಲ್ಲರೂ. ಆದರೆ ಗೌರವವೇ ಪಾತ್ರದ ಹೂರಣವಾದಾಗ ನಟಿಗೆ ಉಳಿಯುವುದು ನೆಟ್ಟಗೆ ನಿಲ್ಲುವುದೊಂದೇ. ಇಂಥಲ್ಲಿ ಟೈಸನ್ ಕೆಲವೊಮ್ಮೆ ಮಾಲೆ ಹಾಕಿದ ಭಾವಚಿತ್ರದಂತೆ ಕಾಣುತ್ತಾರೆ. ಕೀಳಾಗಿ ಕಾಣುವುದು ಒಂದು ಬಗೆಯ ಸುಳ್ಳಾದರೆ, ಕೊರತೆಯೇ ಇಲ್ಲದವರಂತೆ ಕಾಣುವುದು ಇನ್ನೊಂದು ಬಗೆಯದು. ಮೊದಲ ಸುಳ್ಳನ್ನು ತಳ್ಳಿದವರು ಎರಡನೆಯದರ ಹತ್ತಿರ ಸುಳಿದಾಡಿದರೆಂಬುದನ್ನು ಅಭಿಮಾನಿಗಳೂ ಒಪ್ಪಬೇಕು.

ಆ ಸೆಳೆತದಿಂದ ಅವರನ್ನು ಪಾರುಮಾಡಿದ್ದು ಮುಪ್ಪು ಮತ್ತು ರಂಗಭೂಮಿ. 1983ರ ಬಳಿಕ ಬ್ರಾಡ್‌ವೇ ರಂಗದಿಂದ ಮೂವತ್ತು ವರ್ಷ ದೂರವಿದ್ದವರು 2013ರಲ್ಲಿ ಹಾರ್ಟನ್ ಫೂಟ್ ಅವರ 'ದಿ ಟ್ರಿಪ್ ಟು ಬೌಂಟಿಫುಲ್' ನಾಟಕಕ್ಕಾಗಿ ಹಿಂದಿರುಗಿದರು. ಬಿಳಿಯ ಸಂಸಾರವೊಂದರ ಕತೆಯಾಗಿ ನಾಟಕಕಾರರು ಬರೆದದ್ದನ್ನು ಕಪ್ಪು ನಟರು ಆಡಿದರು. ಹ್ಯೂಸ್ಟನ್ ನಗರದ ಇಕ್ಕಟ್ಟಾದ ಮನೆಯಲ್ಲಿ ಮಗ ಸೊಸೆಯರೊಡನೆ ಬಾಳುವ ಕ್ಯಾರಿ ವಾಟ್ಸ್ ಸಾಯುವ ಮುಂಚೆ ಹುಟ್ಟೂರನ್ನೊಮ್ಮೆ ನೋಡಬೇಕೆಂದು ಹಂಬಲಿಸಿ, ಪಿಂಚಣಿಯ ಚೆಕ್ಕನ್ನು ಬಚ್ಚಿಟ್ಟುಕೊಂಡು ಬಸ್ಸು ಹತ್ತುತ್ತಾಳೆ. ಊರು ಹಾಳುಬಿದ್ದಿದೆ, ಅಲ್ಲಿ ಉಳಿದಿದ್ದ ಏಕೈಕ ಗೆಳತಿಯೂ ಆಗಷ್ಟೇ ತೀರಿಕೊಂಡಿದ್ದಾಳೆ. ಗಡಿಯಾಚೆ ನೆಲೆಸಿದ ನಮ್ಮ ಮನೆಗಳಲ್ಲಿ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುವರ್ಷ ಈ ನಾಟಕ ಕಿರುತೆರೆಯ ಚಿತ್ರವೂ ಆಯಿತು. ದೂರದವರಾದ ನಮಗೆ ದಕ್ಕುವುದು ಅದೇ. ಇಲ್ಲಿನ ಕ್ಯಾರಿ ಮಹಾಮಹಿಳೆಯಲ್ಲ. ಹಠಮಾರಿ; ಸಣ್ಣಪುಟ್ಟ ಸುಳ್ಳಿಗೆ ಹೇಸದವಳು; ಸೊಸೆಗೆ ಸಿಟ್ಟು ಬರುವುದೆಂದು ತಿಳಿದೂ ಭಕ್ತಿಗೀತೆ ಗುನುಗುವವಳು. ಕಳ್ಳನಗೆ ಹೊತ್ತ ಈ ಮುದುಕಿಯಲ್ಲಿ ಘನತೆಯನ್ನು ಯಾರೂ ಸಾಧಿಸಿ ತೋರಿಸಬೇಕಾಗಿಲ್ಲ, ಅದು ತಾನಾಗಿ ಇದೆ. ನ್ಯೂಯಾರ್ಕಿನ ಪ್ರದರ್ಶನಗಳಲ್ಲಿ ಆಕೆ ಹಾಡತೊಡಗಿದಾಗ ಪ್ರೇಕ್ಷಕರೂ ದನಿಗೂಡಿಸುತ್ತಿದ್ದರು. ಆ ವರ್ಷದ ಟೋನಿ ಪ್ರಶಸ್ತಿ ದೊರೆತಾಗ ಅವರಿಗೆ ಎಂಬತ್ತೆಂಟು. ಎರಡು ವರ್ಷಗಳ ಅನಂತರ, 'ದಿ ಬ್ಲ್ಯಾಕ್ಸ್' ಕಾಲದ ಸಂಗಾತಿ ಜೇಮ್ಸ್ ಅರ್ಲ್ ಜೋನ್ಸ್ ಅವರೊಡನೆ 'ದಿ ಜಿನ್ ಗೇಮ್'ನಲ್ಲಿ ವೃದ್ಧಾಶ್ರಮದ ಇಸ್ಪೀಟಿನ ಮೇಜಿಗೆ ಕುಳಿತರು. ಅಲ್ಲಿಯ ಮುದುಕಿಯ ಸೌಜನ್ಯದ ಅಡಿಯಲ್ಲಿ ಕ್ರೌರ್ಯವೂ ಇದೆ.

2016ರಲ್ಲಿ ರಾಷ್ಟ್ರಪತಿಗಳ ಸ್ವಾತಂತ್ರ್ಯ ಪದಕ, 2018ರಲ್ಲಿ ಗೌರವ ಆಸ್ಕರ್ ಅವರಿಗೆ ಸಂದವು. 2021ರ ಜನವರಿಯಲ್ಲಿ ಆತ್ಮಕಥೆ ಹೊರಬಂದ ಎರಡೇ ದಿನಕ್ಕೆ ಅವರು ತೀರಿಕೊಂಡರು. ಒಲ್ಲೆನೆನ್ನುವುದು ಅವರ ಕಲೆಯ ಹೊಲಕ್ಕೆ ಹಾಕಿದ ಬೇಲಿಯಾಗಿತ್ತು. ಬೇಲಿಯಿಲ್ಲದಿದ್ದರೆ ಬೆಳೆ ಕಂಡವರ ಪಾಲಾಗುತ್ತಿತ್ತು. ಆದರೆ ಬೇಲಿಯೇ ಬೆಳೆಯಲ್ಲ ಎಂಬುದನ್ನೂ ಅವರೇ, ತಮ್ಮ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಚೆಕ್ಕು ಬಚ್ಚಿಟ್ಟು ಬಸ್ಸು ಹತ್ತಿದ ಮುದುಕಿಯಾಗಿ ತೋರಿಸಿಕೊಟ್ಟರು. ರೆಬೆಕ್ಕಾ, ಜೇನ್ ಇಬ್ಬರನ್ನೂ ನಾವು ಗೌರವಿಸುತ್ತೇವೆ. ಕ್ಯಾರಿ ವಾಟ್ಸ್ ಮಾತ್ರ ನಮ್ಮ ಮನೆಯವಳೇ ಆಗಿಬಿಡುತ್ತಾಳೆ.